ಒಂದು ಕಪ್ ಚಹಾ, ನಾಲ್ಕು ಮಾತು

ಮದುವೆಯಾಗಿ ಬ್ರಿಟನ್ನಿಗೆ ಹೋಗುವ ನಮ್ಮ ಕಡೆಯ ಹೆಣ್ಣು ಮಕ್ಕಳಿಗೆ ಅಲ್ಲಿನ ಚಳಿಗಿಂತಲೂ ಕಷ್ಟವಾಗುವುದು ಭಾಷೆ. ಪತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ. ಮಗುವಿಗೆ ಜ್ವರ ಬಂದರೆ ಡಾಕ್ಟರರ ಬಳಿ ಏನೆಂದು ಹೇಳುವುದು? 2010ರ ನವೆಂಬರ್‌ನಿಂದ ಇಂತಹ ಹೆಚ್ಚಿನ ಪತ್ನಿಯರು ವೀಸಾಕ್ಕಾಗಿ ಇಂಗ್ಲಿಷ್ ಪರೀಕ್ಷೆ ಪಾಸಾಗಲೇಬೇಕು. ಆದರೆ ಪರೀಕ್ಷೆಯ ಇಂಗ್ಲಿಷೇ ಬೇರೆ, ಬಸ್ಸಿನಲ್ಲಿ ಕಿವಿಗೆ ಬೀಳುವ ಇಂಗ್ಲಿಷೇ ಬೇರೆ!

ಅಲ್ಲಿನ ಅನೇಕ ಚರ್ಚ್‌ಗಳು ತಮ್ಮ ಸಭಾಂಗಣದಲ್ಲಿ ವಾರಕ್ಕೊಮ್ಮೆ ಇಂಗ್ಲಿಷ್ ಮಾತುಕತೆಯ ಕೂಟ ನಡೆಸುತ್ತವೆ. ಸಾಮಾನ್ಯವಾಗಿ ಶುಲ್ಕವಿಲ್ಲ. ಚಹಾ, ಬಿಸ್ಕತ್ತು, ಮೂಲೆಯಲ್ಲಿ ಮಕ್ಕಳಿಗೆ ಆಟಿಕೆ. ಮಾತನಾಡಿಸಲು ಕುಳಿತವರಲ್ಲಿ ನಿವೃತ್ತರಾದ ಅಜ್ಜಿಯಂದಿರೇ ಹೆಚ್ಚು. ವ್ಯಾಕರಣದ ಗೊಡವೆ ಕಡಿಮೆ; ಡಾಕ್ಟರರ ಭೇಟಿಗೆ ಸಮಯ ಕೇಳುವುದು ಹೇಗೆ, ಶಾಲೆಯಿಂದ ಬಂದ ಪತ್ರದಲ್ಲಿ ಏನಿದೆ ಎಂಬಂಥ ದಿನನಿತ್ಯದ ಮಾತೇ ಪಾಠ. ತಪ್ಪಿದರೆ ನಗುವವರಿಲ್ಲ. ಭಾಷೆ ಬರುವುದು ಹಾಗೆಯೇ ತಾನೇ?

2016ರಲ್ಲಿ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್, ಇಂಗ್ಲೆಂಡಿನ ಸುಮಾರು 1,90,000 ಮುಸ್ಲಿಮ್ ಮಹಿಳೆಯರಿಗೆ ಇಂಗ್ಲಿಷ್ ಸರಿಯಾಗಿ ಬಾರದು ಎಂದರು. ಕಲಿಕೆಗೆ 2 ಕೋಟಿ ಪೌಂಡ್ ಘೋಷಿಸಿದರು. ಜೊತೆಗೆ ಉಗ್ರವಾದದ ಮಾತನ್ನೂ ಸೇರಿಸಿದ್ದು ಅನೇಕ ಸಹೋದರಿಯರ ಮನಸ್ಸನ್ನು ನೋಯಿಸಿತು. ಕಲಿಯಲು ಬಂದವಳನ್ನು ಅನುಮಾನದಿಂದ ನೋಡಿದರೆ ಆಕೆ ಬಾಯಿ ಬಿಡುವುದಾದರೂ ಹೇಗೆ?

ಮುಸ್ಲಿಮ್ ಮಹಿಳೆ ಚರ್ಚಿನ ಕೂಟಕ್ಕೆ ಹೋಗಬಹುದೇ ಎಂಬ ಅಳುಕು ಸಹಜ. ಧರ್ಮಪ್ರಚಾರದ ಬಯಕೆ ಅವರಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಅದೊಂದೇ ಉದ್ದೇಶ ಎಂದುಬಿಡುವುದೂ ಅನ್ಯಾಯ. ಕೆಲವೆಡೆ ಮಾತುಕತೆಯ ನಂತರ ಬೈಬಲ್ ಓದು ಇರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ ಅದು ಇಷ್ಟವಿದ್ದವರಿಗೆ ಮಾತ್ರ. ಉಳಿದವರು ಚಹಾ ಮುಗಿಸಿ ಮನೆಗೆ ಹೊರಡಬಹುದು.