ಆವರ್ತಕ ಎಂಜಿನ್ನಿಗೆ ಟರ್ಬೋ

ಪಿಸ್ಟನ್ನು ಸಿಲಿಂಡರಿನೊಳಗೆ ಏರಿಳಿಯುತ್ತ, ಏರಿದಾಗಲೊಮ್ಮೆ ಇಳಿದಾಗಲೊಮ್ಮೆ ಕ್ಷಣಮಾತ್ರ ನಿಂತು ದಿಕ್ಕು ಬದಲಿಸುತ್ತ ಹುಟ್ಟಿಸಿದ ಶಕ್ತಿಯನ್ನು ಚಕ್ರದ ತಿರುಗುವಿಕೆಯಾಗಿ ಮಾರ್ಪಡಿಸುವ ಬಳಸುದಾರಿಯನ್ನೇ ಬಿಟ್ಟು, ಆರಂಭದಿಂದಲೇ ಸುತ್ತುವ ಎಂಜಿನ್ನೊಂದನ್ನು ನಿರ್ಮಿಸಬೇಕೆಂದು ಹಟ ತೊಟ್ಟವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಅವನ ಕಲ್ಪನೆಯ ಮೊದಲ ಮಾದರಿ 1957ರಲ್ಲಿ ಎನ್‌ಎಸ್‌ಯು ಕಂಪೆನಿಯಲ್ಲಿ ಓಡಿತು. ಅದನ್ನು ಪಳಗಿಸಿ, ದಶಕಗಳ ಕಾಲ ಬಿಡದೆ ಬೀದಿಯ ಕಾರಿನಲ್ಲಿ ಉಳಿಸಿದ ಕೀರ್ತಿಯಾದರೋ ಜಪಾನಿನ ಹಿರೋಷಿಮಾದ ಮಾಜ್ದಾ ಕಂಪೆನಿಗೆ, ವಿಶೇಷವಾಗಿ ಕೆನಿಚಿ ಯಾಮಾಮೊಟೊ ಮತ್ತು ಅವರ ತಂಡಕ್ಕೆ ಸಲ್ಲತಕ್ಕದ್ದು. ಎಂಜಿನ್ನಿನೊಳಗೆ ಸುತ್ತುವ ರೋಟರಿನ ತುದಿಯ ಸೀಲುಗಳು ಕಂಪಿಸಿ ಒಳಗೋಡೆಯ ಮೇಲೆ ಎಳೆದ ಅಡ್ಡ ಗೀರುಗಳಿಗೆ ಪಿಶಾಚಿಯ ಉಗುರಿನ ಗುರುತೆಂದು ಹೆಸರಿಟ್ಟು, ಅವನ್ನು ನಿವಾರಿಸಿದ ಮೇಲೆಯೇ ಅವರು 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರನ್ನು ಹೊರತಂದರು.

ಈ ಎಂಜಿನ್ನಿನ ಒಳರಚನೆ ಅಚ್ಚರಿ ಹುಟ್ಟಿಸುವಷ್ಟು ಸರಳ. ನಡು ತುಸು ಒಳಸರಿದ ಅಂಡಾಕಾರದ ಕೋಶ. ಅದರೊಳಗೆ ಬದಿಗಳುಬ್ಬಿದ ತ್ರಿಕೋನಾಕೃತಿಯ ರೋಟರು. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು ತಿರುಗಿಸುವ ದಂಡವು ಮೂರು ಸುತ್ತು ತಿರುಗುತ್ತದೆ; ರೋಟರಿನ ಮೂರು ಮುಖಗಳಲ್ಲಿಯೂ ಹೀರುವಿಕೆ, ಒತ್ತುವಿಕೆ, ದಹನ, ವಿಸರ್ಜನೆಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ವಾಲ್ವುಗಳಿಲ್ಲ, ಗೋಡೆಯಲ್ಲಿ ಕೊರೆದ ದ್ವಾರಗಳನ್ನು ರೋಟರೇ ಮುಚ್ಚಿ ತೆರೆಯುತ್ತದೆ.

ಟರ್ಬೋವಿನೊಡನೆ ಈ ಎಂಜಿನ್ನಿಗಿರುವ ಸಹಜ ಮೈತ್ರಿಯ ಮೂಲ ಇಲ್ಲಿಯೇ ಉಂಟು. ಹೊರದ್ವಾರ ಥಟ್ಟನೆ ತೆರೆದುಕೊಳ್ಳುವುದರಿಂದಲೂ, ಉದ್ದವಾಗಿ ತೆಳುವಾಗಿರುವ ದಹನಕೋಶದಲ್ಲಿ ಇಂಧನ ಪೂರ್ತಿಯಾಗಿ ಉರಿಯದೆ ಉಳಿಯುವುದರಿಂದಲೂ, ಹೊಗೆಯು ಅಪಾರವಾದ ಶಾಖವನ್ನೂ ವೇಗವನ್ನೂ ಹೊತ್ತು ಹೊರಬೀಳುತ್ತದೆ. ವ್ಯರ್ಥವಾಗಿ ಹೋಗುವ ಈ ಶಕ್ತಿಯಿಂದ ಟರ್ಬೈನನ್ನು ತಿರುಗಿಸಿ, ಟರ್ಬೈನಿನದೇ ದಂಡದ ಇನ್ನೊಂದು ತುದಿಯ ಸಂಪೀಡಕದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದೇ ಟರ್ಬೋಚಾರ್ಜರಿನ ಕೆಲಸ. 1991ರಲ್ಲಿ ಬಂದ ಮಾಜ್ದಾದ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ನಿನಲ್ಲಿ ತಲಾ 654 ಸಿಸಿಯ ಎರಡು ರೋಟರುಗಳು, ಎರಡು ಟರ್ಬೋಗಳು. ಕಡಿಮೆ ವೇಗದಲ್ಲಿ ಒಂದು ಮಾತ್ರ ದುಡಿದು, 4500 ಆರ್‌ಪಿಎಂ ಸುಮಾರಿಗೆ ಎರಡನೆಯದೂ ಕೈಜೋಡಿಸುವ ಏರ್ಪಾಡು. ಮೊದಲು 255 ಇದ್ದ ಅಶ್ವಶಕ್ತಿ 1999ರ ಹೊತ್ತಿಗೆ 280ಕ್ಕೆ ಏರಿತ್ತು. ಇಂದು ಈ ಎಂಜಿನ್ನನ್ನು ಮರುಕಟ್ಟುವವರಲ್ಲಿ ಅನೇಕರು ಆ ಏರ್ಪಾಡಿನ ರಬ್ಬರ್ ನಳಿಕೆಗಳ ಗೋಜಲನ್ನು ಕಿತ್ತೊಗೆದು ದೊಡ್ಡದೊಂದೇ ಟರ್ಬೋ ಕೂರಿಸುತ್ತಾರೆ. ಗೋಜಲು ಕಡಿಮೆಯಾಗುವುದು ನಿಜ. ಆದರೆ ನಗರದ ನಿಧಾನಗತಿಯ ಸಂಚಾರದಲ್ಲಿ ಮೊದಲಿನ ಚುರುಕು ಉಳಿಯುವುದಿಲ್ಲವೆಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶಕ್ತಿಯ ಮೋಹಕ್ಕಿಂತ ಮೊದಲು ನಿರ್ಮಾಪಕನ ಗಮನ ಸೀಲುಗಳ ಮೇಲಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ರೋಟರಿನ ಮೂರು ತುದಿಗಳಲ್ಲಿ ಎರಡು ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ, ಅದರ ಅಡಿಯಲ್ಲಿ ಸಣ್ಣ ಸ್ಪ್ರಿಂಗು. ಎರಡು ಪಕ್ಕಗಳಲ್ಲಿ ಬಾಗಿದ ಸೀಲುಗಳು, ಮೂಲೆಗಳಲ್ಲಿ ಗುಂಡಿಯಂಥ ಸೀಲುಗಳು. ಇವೆಲ್ಲ ಕಳಚಿ ಬೀಳದಂತೆ ವ್ಯಾಸಲೀನ್ ಸವರಿ ಅಂಟಿಸಿ, ಪಕ್ಕದ ಸೀಲಿಗೂ ಮೂಲೆಯ ಸೀಲಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುವಂತೆ ಅರದಿಂದ ಉಜ್ಜಿ, ಫೀಲರ್ ಗೇಜಿನಿಂದ ಅಳೆದು, ನೀರು ಒಳನುಗ್ಗದಂತೆ ತಡೆಯುವ ರಬ್ಬರ್ ಉಂಗುರಗಳು ಎಲ್ಲಿಯೂ ಹೊರಳಿಲ್ಲವೆಂದು ಖಚಿತಪಡಿಸಿಕೊಂಡು, ಕಬ್ಬಿಣದ ಫಲಕ, ರೋಟರಿನ ಕೋಶ, ಮತ್ತೆ ಫಲಕವೆಂದು ಒಂದರ ಮೇಲೊಂದು ಪೇರಿಸಿ, ಉದ್ದುದ್ದನೆಯ ಬೋಲ್ಟುಗಳಿಂದ ಹಂತಹಂತವಾಗಿ ಬಿಗಿಯಬೇಕು. ಈ ಕೆಲಸಕ್ಕೆ ಬೇಕಾದುದು ತೋಳ್ಬಲವಲ್ಲ, ತಾಳ್ಮೆ.

ಇಷ್ಟಾದರೂ ಅಪಾಯ ತಪ್ಪಿದ್ದಲ್ಲ. ಒತ್ತಡದಿಂದ ತುಂಬಿದ ಮಿಶ್ರಣದಲ್ಲಿ ಪೆಟ್ರೋಲು ಸಾಲದೆ ಹೋದರೆ, ಅಥವಾ ಗಾಳಿ ವಿಪರೀತ ಕಾದಿದ್ದರೆ, ಅದು ಕ್ರಮವಾಗಿ ಉರಿಯದೆ ಸಿಡಿಯುತ್ತದೆ. ಪಿಸ್ಟನ್ ಎಂಜಿನ್ನು ಕೆಲಕಾಲ ಸಹಿಸಬಹುದಾದ ಆ ಸಿಡಿತಕ್ಕೆ ತುದಿಯ ಸೀಲು ಕ್ಷಣಾರ್ಧದಲ್ಲಿ ಮುರಿಯುತ್ತದೆ. ಮುರಿದ ಚೂರು ಗೋಡೆಯನ್ನು ಗೀರಿ, ಹೊರದ್ವಾರದಿಂದ ಚಿಮ್ಮಿ, ಟರ್ಬೈನಿನ ಅಲಗುಗಳನ್ನೂ ಕೆಡಿಸುತ್ತದೆ. ಆದುದರಿಂದಲೇ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಎಂಬ ಶಾಸ್ತ್ರೋಕ್ತ ಪ್ರಮಾಣವನ್ನು ಪೂರ್ಣ ಒತ್ತಡದ ವೇಳೆ ಬದಿಗಿಟ್ಟು, ಗಾಳಿಯನ್ನು 11 ಭಾಗದ ಸುಮಾರಿಗೆ ಇಳಿಸುತ್ತಾರೆ. ದೊಡ್ಡ ಇಂಜೆಕ್ಟರು, ಸಮರ್ಥವಾದ ಪಂಪು, ಗಾಳಿಯನ್ನು ತಣಿಸುವ ಇಂಟರ್‌ಕೂಲರು ಇವಿಲ್ಲದೆ ಟರ್ಬೋವಿನ ಒತ್ತಡವನ್ನು, ಅಂದರೆ ಬೂಸ್ಟನ್ನು, ಏರಿಸುವುದು ಅವಿವೇಕವೇ ಸರಿ. ರೋಟರಿನ ಶಾಖವನ್ನು ಹೊರಗೊಯ್ಯುವುದೂ ಎಣ್ಣೆಯೇ ಆದುದರಿಂದ ಆಯಿಲ್ ಕೂಲರಿನಲ್ಲಿ ಜಿಪುಣತನ ಸಲ್ಲದು. ಸೀಲುಗಳ ಜಾರುವಿಕೆಗಾಗಿ ಈ ಎಂಜಿನ್ನು ಸ್ವಲ್ಪ ಎಣ್ಣೆಯನ್ನು ಸುಡುವುದು ರೋಗವಲ್ಲ, ಧರ್ಮ. ಟ್ಯಾಂಕಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವ ರೂಢಿಯೂ ಹಲವರಲ್ಲಿ ಉಂಟು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಕೆಲಕಾಲ ಒತ್ತಡವಿಲ್ಲದೆ ಮೃದುವಾಗಿ ಓಡಿಸಿ ಸೀಲುಗಳು ಗೋಡೆಗೆ ಹೊಂದಿಕೊಳ್ಳಲು ಬಿಡುತ್ತಾರೆ. ಆಮೇಲೆ ಎಂಜಿನ್ನು ಬಿಸಿಯಾಗಿರುವಾಗಲೇ ಸಂಪೀಡನ ಪರೀಕ್ಷೆ: ಸ್ಪಾರ್ಕ್ ಪ್ಲಗ್ಗಿನ ರಂಧ್ರಕ್ಕೆ ಮಾಪಕವನ್ನಿಟ್ಟು ಸ್ಟಾರ್ಟರಿನಿಂದ ತಿರುಗಿಸಿದರೆ, ಒಂದು ರೋಟರಿನ ಮೂರು ಮುಖಗಳಿಗೆ ಮೂರು ಬಡಿತಗಳು ಕಾಣುತ್ತವೆ. ಮೂರೂ ಸಮವಾಗಿಯೂ ಬಲವಾಗಿಯೂ ಇದ್ದರೆ ಮಾತ್ರ ಬೂಸ್ಟನ್ನು ಸ್ವಲ್ಪಸ್ವಲ್ಪವಾಗಿ ಏರಿಸಬಹುದು. ಒಂದು ಬಡಿತ ಕುಗ್ಗಿದ್ದರೆ ಎಂಜಿನ್ನನ್ನು ಮತ್ತೆ ಬಿಚ್ಚತಕ್ಕದ್ದು.