ರಾಜ್ಯ ಹೋದ ಮೇಲೆ ಎದ್ದ ಚರ್ಚು

ವಸಾಹತು ಕಾಲದ ಚರ್ಚು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ. ಹೊರಗಿನವರು ಬಂದರು, ಕೋಟೆ ಕಟ್ಟಿದರು, ದಂಡು ಇಳಿಸಿದರು, ಆಳ್ವಿಕೆ ಗಟ್ಟಿಯಾದ ಮೇಲೆ ತಮ್ಮ ದೇವರಿಗೂ ಒಂದು ಮನೆ ಕಟ್ಟಿದರು. ಕಟ್ಟಡದ ಎತ್ತರವನ್ನು ಆಳುವವರ ದರ್ಪದ ಅಳತೆಯೆಂದು ಓದುವುದು ಎಷ್ಟೋ ಕಡೆ ಸರಿಯೂ ಹೌದು. ಆದರೆ ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿರುವ ಹೋಲಿ ಟ್ರಿನಿಟಿ ಚರ್ಚು ಈ ಓದಿಗೆ ಒಗ್ಗುವುದಿಲ್ಲ. ಊರವರು ಇದನ್ನು ‘ಓಲ್ಡ್ ಸ್ವೀಡ್ಸ್’ ಎಂದೇ ಕರೆಯುತ್ತಾರೆ. ಸ್ವೀಡನ್ನಿನಿಂದ ಬಂದು ನೆಲೆಸಿದವರು ಕಟ್ಟಿಕೊಂಡ ಈ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1698ರಲ್ಲಿ. ಸ್ವೀಡನ್ನಿನ ಬಾವುಟ ಆ ನೆಲದಿಂದ ಇಳಿದದ್ದು 1655ರಲ್ಲಿ. ನಡುವೆ ನಾಲ್ಕು ದಶಕಗಳಿಗೂ ಹೆಚ್ಚಿನ ಅಂತರ. ಆಳುವ ಅಧಿಕಾರ ಕೈಯಲ್ಲಿದ್ದಾಗ ಇಷ್ಟು ಗಟ್ಟಿಯಾದ ಕಟ್ಟಡ ಎಬ್ಬಿಸದ ಜನ, ಎಲ್ಲ ಅಧಿಕಾರ ಹೋದ ಮೇಲೆ ಕಲ್ಲಿನ ಗೋಡೆ ಎತ್ತಿದ್ದೇಕೆ? ನನ್ನ ವಾದ ಇದು: ಈ ಚರ್ಚು ಸಾಮ್ರಾಜ್ಯವೊಂದರ ಗುರುತಲ್ಲ. ರಾಜ್ಯ ಕಳೆದುಕೊಂಡ ಒಂದು ಸಣ್ಣ ಸಮುದಾಯ ತನ್ನನ್ನು ತಾನು ಉಳಿಸಿಕೊಳ್ಳಲು ಕಟ್ಟಿಕೊಂಡ ಆಸರೆ ಇದು. ಕಟ್ಟಡ ಇಂದಿಗೂ ನಿಂತಿರುವುದಕ್ಕೆ ಕಾರಣ, ಅದು ಕಾಲಕ್ರಮದಲ್ಲಿ ಬೇರೆಯವರದ್ದೂ ಆದದ್ದು.

ಮೊದಲು ಆಳ್ವಿಕೆಯ ಕಥೆ. ಅದು ಚಿಕ್ಕದು. 1638ರ ಮಾರ್ಚ್‌ನಲ್ಲಿ ‘ಕಾಲ್ಮರ್ ನಿಕೆಲ್’ ಮತ್ತು ‘ಫೋಗೆಲ್ ಗ್ರಿಪ್’ ಎಂಬ ಎರಡು ಹಡಗುಗಳು ಡೆಲವೇರ್ ನದಿಯನ್ನು ಹೊಕ್ಕು, ಅದನ್ನು ಸೇರುವ ಒಂದು ಸಣ್ಣ ಹೊಳೆಯ ದಡದಲ್ಲಿ ನಿಂತವು. ಮುಂದಾಳು ಪೀಟರ್ ಮಿನುಯಿಟ್, ಹಿಂದೆ ಡಚ್ಚರ ವಸಾಹತಿನ ಮುಖ್ಯಸ್ಥನಾಗಿದ್ದವನು. ಆಗ ಸ್ವೀಡನ್ನಿನ ರಾಣಿಯಾಗಿದ್ದ ಬಾಲಕಿ ಕ್ರಿಸ್ಟಿನಾಳ ಹೆಸರನ್ನು ಕೋಟೆಗೂ ಹೊಳೆಗೂ ಇಟ್ಟರು. ಬಂದವರೆಲ್ಲ ಸ್ವೀಡನ್ನಿನ ಭಾಷೆಯವರೂ ಅಲ್ಲ. ಅಂದು ಫಿನ್‌ಲ್ಯಾಂಡ್ ಸ್ವೀಡನ್ನಿನ ಅರಸೊತ್ತಿಗೆಯ ಭಾಗವಾಗಿತ್ತು, ಕಾಡು ಸುಟ್ಟು ಬೇಸಾಯ ಮಾಡುವುದರಲ್ಲಿ ಪಳಗಿದ ಫಿನ್ನರು ವಲಸೆಗಾರರಲ್ಲಿ ಬಹಳ ಮಂದಿ ಇದ್ದರು. 1643ರಲ್ಲಿ ಯೊಹಾನ್ ಪ್ರಿಂಟ್ಸ್ ಗವರ್ನರ್ ಆಗಿ ಬಂದ. ಅವನ ಕಾಲದಲ್ಲಿ, 1646ರಲ್ಲಿ, ನದಿಯ ಮೇಲ್ಭಾಗದ ಟಿನಿಕಮ್‌ನಲ್ಲಿ ಮರದ ಚರ್ಚೊಂದು ಪ್ರತಿಷ್ಠೆಯಾಯಿತು. ತಾಯ್ನಾಡಿನಿಂದ ಹಡಗು ಬರುವುದೇ ಅಪರೂಪ. ಇಡೀ ವಸಾಹತಿನ ಜನಸಂಖ್ಯೆ ಕೊನೆಯವರೆಗೂ ಕೆಲವು ನೂರನ್ನು ದಾಟಲಿಲ್ಲ. 1655ರಲ್ಲಿ ಡಚ್ಚರ ಪೀಟರ್ ಸ್ಟೈವೆಸಂಟ್ ಹಡಗು ಮತ್ತು ಸೈನಿಕರೊಡನೆ ಬಂದಾಗ ‘ನ್ಯೂ ಸ್ವೀಡನ್’ ಶರಣಾಯಿತು. ಹದಿನೇಳು ವರ್ಷಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. 1664ರಲ್ಲಿ ಇಂಗ್ಲಿಷರು ಡಚ್ಚರನ್ನೂ ಓಡಿಸಿದರು. 1682ರಲ್ಲಿ ಆ ಸೀಮೆ ಇಂಗ್ಲಿಷರವನೇ ಆದ ವಿಲಿಯಂ ಪೆನ್‌ನ ಕೈಸೇರಿತು. ಒಂದೇ ತಲೆಮಾರಿನ ರೈತರು ತಮ್ಮ ಹೊಲ ಬಿಟ್ಟು ಕದಲದೆ ಮೂರು ದೊರೆತನಗಳನ್ನು ಕಂಡರು.

ಆಳುವವರು ಬದಲಾದರೂ ಜನ ಅಲ್ಲೇ ಉಳಿದರು. ಡಚ್ಚರು ಅವರಿಗೆ ತಮ್ಮ ಪಂಚಾಯಿತಿ, ತಮ್ಮ ಲೂಥರನ್ ಪಂಥ ಎರಡನ್ನೂ ಇಟ್ಟುಕೊಳ್ಳಲು ಬಿಟ್ಟಿದ್ದರು. ಹೊಳೆಯ ದಕ್ಷಿಣಕ್ಕೆ ಕ್ರೇನ್ ಹುಕ್ ಎಂಬಲ್ಲಿ ಮರದ ಚರ್ಚೊಂದಿತ್ತು. ಈಗ ಫಿಲಡೆಲ್ಫಿಯಾ ಇರುವೆಡೆ, ವಿಕಾಕೋ ಎಂಬಲ್ಲಿ, ಕಾವಲಿಗೆಂದು ಕಟ್ಟಿದ್ದ ಮರದ ಗಡಿಮನೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತು. ಆದರೆ ಪಾದ್ರಿಗಳು ಮುಪ್ಪಾದರು. ಲಾರ್ಸ್ ಲಾಕ್ 1688ರಲ್ಲಿ ತೀರಿಕೊಂಡ. ವಿಕಾಕೋದ ಫ್ಯಾಬ್ರಿಷಿಯಸ್ ಕಣ್ಣು ಕಳೆದುಕೊಂಡ. ಊರಿನಿಂದ ತಂದ ಪುಸ್ತಕಗಳು ಕೈಯಿಂದ ಕೈಗೆ ದಾಟಿ ಹರಿದುಹೋದವು. ಮಕ್ಕಳಿಗೆ ಅಕ್ಷರ ಕಲಿಸುವವರಿಲ್ಲ, ಸತ್ತವರ ಮಣ್ಣಿಗೆ ಮಂತ್ರ ಹೇಳುವವರಿಲ್ಲ ಎಂಬ ಸ್ಥಿತಿ ಬಂದಿತು. ಆಗ, 1693ರಲ್ಲಿ, ಅವರು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಅಂಚೆ ಅಧಿಕಾರಿ ಯೊಹಾನ್ ಥೆಲಿನ್‌ಗೆ ಒಂದು ಪತ್ರ ಬರೆದರು. ಬರೆದವನು ಚಾರ್ಲ್ಸ್ ಸ್ಪ್ರಿಂಗರ್. ಸ್ಟಾಕ್‌ಹೋಮಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಅಪಹರಣಕ್ಕೊಳಗಾಗಿ, ವರ್ಜೀನಿಯಾದಲ್ಲಿ ಐದು ವರ್ಷ ಕರಾರಿನ ಜೀತ ಸವೆಸಿ, ತನ್ನ ಭಾಷೆಯವರು ಉತ್ತರಕ್ಕಿದ್ದಾರೆಂದು ಕೇಳಿ ಅಲ್ಲಿಗೆ ನಡೆದು ಬಂದವನು. ಪತ್ರದಲ್ಲಿ ಕೇಳಿದ್ದು ಪಾದ್ರಿಗಳನ್ನು, ಬೈಬಲ್‌ಗಳನ್ನು, ಪ್ರವಚನದ ಹೊತ್ತಗೆಗಳನ್ನು, ಮಕ್ಕಳಿಗೆ ಅಕ್ಷರಮಾಲೆಯ ಪುಸ್ತಕಗಳನ್ನು. ಬೆಲೆ ಕೊಡುತ್ತೇವೆ, ಪಾದ್ರಿಗಳನ್ನು ನಾವೇ ಸಾಕುತ್ತೇವೆ ಎಂದೂ ಬರೆದಿದ್ದರು. ಸೈನ್ಯವನ್ನಾಗಲಿ ಕೋಟೆಯನ್ನಾಗಲಿ ಅವರು ಬೇಡಲಿಲ್ಲ. ನನ್ನ ವಾದಕ್ಕೆ ಈ ಪತ್ರವೇ ಮೊದಲ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪಾದ್ರಿಗಳನ್ನು ಕಳಿಸಿದ್ದು ಸ್ವೀಡನ್ನಿನ ದೊರೆಯೇ ಅಲ್ಲವೇ? ದೊರೆಯ ಹಣದಲ್ಲಿ ಹಡಗು ಹತ್ತಿದವರು ಕಟ್ಟಿಸಿದ ಚರ್ಚು ಸಾಮ್ರಾಜ್ಯದ ಕೆಲಸವಾಗದೆ ಇನ್ನೇನು? ಹನ್ನೊಂದನೆಯ ಕಾರ್ಲ್ ದೊರೆ ಮನಸ್ಸು ಕರಗಿ ಆಂಡ್ರಿಯಾಸ್ ರುಡ್‌ಮನ್, ಎರಿಕ್ ಬ್ಯೋರ್ಕ್, ಯೋನಾಸ್ ಔರೆನ್ ಎಂಬ ಮೂವರನ್ನು ಪುಸ್ತಕಗಳ ಪೆಟ್ಟಿಗೆಗಳೊಂದಿಗೆ ಕಳಿಸಿದ್ದು ನಿಜ. ಅವರು 1697ರಲ್ಲಿ ತಲುಪಿದರು. ಮುಂದಿನ ಸುಮಾರು ಒಂದು ಶತಮಾನ ಕಾಲ ಪಾದ್ರಿಗಳು ತಾಯ್ನಾಡಿನಿಂದಲೇ ಬರುತ್ತಿದ್ದರು. ಆದರೆ ಆ ದೊರೆಗೆ ಡೆಲವೇರ್ ದಡದಲ್ಲಿ ತೆರಿಗೆ ಎತ್ತುವ ಹಕ್ಕಿರಲಿಲ್ಲ, ನ್ಯಾಯ ಹೇಳುವ ಹಕ್ಕಿರಲಿಲ್ಲ, ಅಡಿ ನೆಲವೂ ಇರಲಿಲ್ಲ. ಅವನ ಕೊಡುಗೆಯಿಂದ ಅವನಿಗೆ ರಾಜ್ಯ ಬರುವಂತಿರಲಿಲ್ಲ. ಇದನ್ನು ಚರ್ಚಿನ ಗೋಡೆಯೇ ಹೇಳುತ್ತಿತ್ತು. ಕಬ್ಬಿಣದ ಅಕ್ಷರಗಳಲ್ಲಿ ಅಲ್ಲಿ ಕೂರಿಸಿದ್ದ ಲ್ಯಾಟಿನ್ ಬರಹದಲ್ಲಿ ಮೊದಲು ಬರುವುದು ಇಂಗ್ಲೆಂಡಿನ ಮೂರನೆಯ ವಿಲಿಯಂ ದೊರೆಯ ಹೆಸರು, ಆಮೇಲೆ ಒಡೆಯನಾದ ವಿಲಿಯಂ ಪೆನ್‌ನದು. ಸ್ವೀಡನ್ನಿನ ದೊರೆ ಅಲ್ಲಿ ಕಾಣಿಸಿಕೊಳ್ಳುವುದು ಪಾದ್ರಿಯನ್ನು ಕಳಿಸಿಕೊಟ್ಟ ದಿವಂಗತ ಮಹಾನುಭಾವನಾಗಿ ಮಾತ್ರ. ಯಾರ ಆಳ್ವಿಕೆಯಲ್ಲಿ ಬದುಕಿದ್ದೇವೆ, ಯಾರ ಋಣದಲ್ಲಿದ್ದೇವೆ ಎಂಬ ಎರಡು ಸಂಗತಿಗಳನ್ನು ಕಟ್ಟಿದವರು ಬೆರೆಸಲಿಲ್ಲ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನದು. ಇದನ್ನು ಸ್ವೀಡಿಷರು ಕಟ್ಟಿದ್ದೆಂದು ಹೇಗೆ ಹೇಳುವುದು? ಗೋಡೆಯ ಕೆಲಸ ಗುತ್ತಿಗೆ ಹಿಡಿದದ್ದು ಫಿಲಡೆಲ್ಫಿಯಾದ ಇಂಗ್ಲಿಷ್ ಗಾರೆಯವ ಜೋಸೆಫ್ ಯಾರ್ಡ್ ಮತ್ತು ಅವನ ಮಕ್ಕಳು. ಬಡಗಿಗಳೂ ಇಂಗ್ಲಿಷರೇ. ಕಪ್ಪು ಅಕ್ರೋಟು ಮರದಲ್ಲಿ ಕಡೆದ ಪ್ರವಚನ ಪೀಠವೂ ಇಂಗ್ಲಿಷ್ ಬಡಗಿಯ ಕೈಯದು. ದಪ್ಪ ಗೋಡೆಗೆ ಬಳಸಿದ್ದು ಅಲ್ಲೇ ಸುತ್ತಮುತ್ತ ಸಿಗುವ ನೀಲಿಛಾಯೆಯ ಕಲ್ಲು. ಇದೆಲ್ಲ ಸತ್ಯ, ಮತ್ತು ಇದು ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ. ಒಂದು ಕಟ್ಟಡ ಯಾರದ್ದು ಎಂಬುದನ್ನು ಕರಣೆ ಹಿಡಿದ ಕೈಯೊಂದೇ ತೀರ್ಮಾನಿಸುವುದಿಲ್ಲ. ಅದು ಬೇಕೆಂದವರು ಯಾರು, ಜಾಗ ಗೊತ್ತುಮಾಡಿದವರು ಯಾರು, ಸಾಲದ ಹೊರೆ ಹೊತ್ತವರು ಯಾರು ಎಂಬುದನ್ನೂ ಕೇಳಬೇಕು. ಈ ಚರ್ಚಿನ ಜಾಗ, ಮೊದಲ ವಲಸೆಗಾರರ ಕಾಲದಿಂದಲೂ ಸತ್ತವರನ್ನು ಮಣ್ಣು ಮಾಡುತ್ತಿದ್ದ ನೆಲ. ಪಕ್ಕದ ಹೊಲದ ಒಡೆಯ ಜಾನ್ ಸ್ಟಾಲ್ಕಪ್ ಭೂಮಿ ಬಿಟ್ಟುಕೊಟ್ಟ. ಸ್ಪ್ರಿಂಗರ್ ಸಭೆಯ ಹಿರಿಯರಲ್ಲೊಬ್ಬನಾಗಿ ಕೆಲಸದ ಜೊತೆ ನಿಂತ. ಬ್ಯೋರ್ಕ್ ಪಾದ್ರಿ ಹಣ ಹೊಂದಿಸಲು ತಾನೇ ಜವಾಬ್ದಾರನಾದ. 1699ರ ಜೂನ್ 4ರಂದು, ಟ್ರಿನಿಟಿ ಭಾನುವಾರ, ಪ್ರತಿಷ್ಠೆ ನಡೆಯಿತು. ಮರುವರ್ಷ ವಿಕಾಕೋದಲ್ಲಿ ಇಟ್ಟಿಗೆಯ ‘ಗ್ಲೋರಿಯಾ ಡೇಯಿ’ ಚರ್ಚು ತೆರೆಯಿತು. ಬ್ಯೋರ್ಕ್ 1714ರಲ್ಲಿ ಸ್ವೀಡನ್ನಿಗೆ ಮರಳಿ ಗಣಿಯೂರಾದ ಫಾಲೂನ್‌ನಲ್ಲಿ ಪಾದ್ರಿಯಾದ. ಅಲ್ಲಿನ ತಾಮ್ರದ ಗಣಿಯವರು ಈ ದೂರದ ಚರ್ಚಿಗೆ ಬೆಳ್ಳಿಯ ಪೂಜಾಪಾತ್ರೆಗಳನ್ನು ಕಳಿಸಿಕೊಟ್ಟರು. ತಾಯ್ನಾಡಿನೊಂದಿಗೆ ಉಳಿದ ನಂಟು ಇಂಥದ್ದು, ಅಪ್ಪಣೆಯದ್ದಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಸಾಮ್ರಾಜ್ಯದ ಗುರುತಲ್ಲ ಎಂದು ಹೇಳಿ ಈ ಚರ್ಚನ್ನು ನಿರ್ದೋಷಿ ಎಂದು ಬಿಡಬಹುದೇ? ಬಿಡಲಾಗದು. ಸ್ಟಾಲ್ಕಪ್ ಬಿಟ್ಟುಕೊಟ್ಟ ನೆಲ ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರದ್ದು. 1638ರಲ್ಲಿ ಅವರ ಮುಖಂಡರೊಡನೆ ಆದ ಒಪ್ಪಂದವನ್ನು ಯುರೋಪಿನವರು ಶಾಶ್ವತ ಕ್ರಯವೆಂದು ಬರೆದುಕೊಂಡರು. ಲೆನಾಪೆಗಳಿಗೆ ಅದು ನೆಲವನ್ನು ಹಂಚಿಕೊಂಡು ಬಳಸುವ ಒಪ್ಪಿಗೆಯಾಗಿತ್ತು ಎಂದು ಇತಿಹಾಸಕಾರರು ತೋರಿಸಿದ್ದಾರೆ. ಸ್ವೀಡಿಷರ ಕಾಲದಲ್ಲಿ ಅಲ್ಲಿ ದೊಡ್ಡ ಯುದ್ಧಗಳಾಗಲಿಲ್ಲ ಎಂಬುದನ್ನು ಅವರ ಒಳ್ಳೆಯತನವೆಂದು ಹೊಗಳುವುದುಂಟು. ಕೆಲವು ನೂರು ಮಂದಿ ಕಾಳಿಗೂ ತೊಗಲಿಗೂ ನೆರೆಯವರನ್ನೇ ನೆಚ್ಚಿದ್ದಾಗ ಯುದ್ಧ ಅವರ ಕೈಲಾಗುವ ಮಾತಾಗಿರಲಿಲ್ಲ ಎಂಬುದು ಹೆಚ್ಚು ನ್ಯಾಯವಾದ ವಿವರಣೆ. ಟಿನಿಕಮ್‌ನ ಪಾದ್ರಿ ಕಂಪಾನಿಯಸ್ ಲೆನಾಪೆಗಳ ನಡುವೆ ಆಡುತ್ತಿದ್ದ ಮಾತನ್ನು ಕಲಿತು ಲೂಥರನ ಕಿರು ಧರ್ಮಬೋಧೆಯನ್ನು ಅದಕ್ಕೆ ತಂದ. ಅದು 1696ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಚ್ಚಾಯಿತು, ಪ್ರತಿಗಳು ಬ್ಯೋರ್ಕ್‌ನ ಹಡಗಿನಲ್ಲೇ ಬಂದವು. ಆದರೆ ಮುಂದಿನ ಶತಮಾನದಲ್ಲಿ ಲೆನಾಪೆಗಳು ಪಶ್ಚಿಮಕ್ಕೆ ದಬ್ಬಲ್ಪಟ್ಟರು. 1639ರಲ್ಲಿ ‘ಫೋಗೆಲ್ ಗ್ರಿಪ್’ನಲ್ಲಿ ಸೆರೆಯಾಳಾಗಿ ಬಂದ ಆಂಟನಿ ಎಂಬ ಕಪ್ಪು ಮನುಷ್ಯನೂ ಈ ವಸಾಹತಿನ ಕಥೆಯೊಳಗಿದ್ದಾನೆ. ಸಾಮ್ರಾಜ್ಯ ಕಳೆದುಕೊಂಡ ಸಮುದಾಯವೂ ಇನ್ನೊಬ್ಬರ ನಷ್ಟದ ಮೇಲೆ ನಿಂತಿರಬಹುದು. ಸ್ವೀಡಿಷರ ಸಂಕಟ ನಿಜ. ಅದರಿಂದ ಲೆನಾಪೆಗಳ ಸಂಕಟ ಚಿಕ್ಕದಾಗುವುದಿಲ್ಲ.

ಇನ್ನು ಚರ್ಚು ತನ್ನ ಕೆಲಸ ಸಾಧಿಸಿತೇ ಎಂಬ ಪ್ರಶ್ನೆ. ಉಳಿಸಿಕೊಳ್ಳಬೇಕೆಂದು ಹೊರಟ ಭಾಷೆ ಉಳಿಯಲಿಲ್ಲ. 1730ರ ದಶಕದಲ್ಲಿ ಚರ್ಚಿನ ಪಕ್ಕದಲ್ಲೇ ಹೊಸ ಪೇಟೆಯೊಂದು ಎದ್ದಿತು, 1739ರಲ್ಲಿ ಅದಕ್ಕೆ ವಿಲ್ಮಿಂಗ್ಟನ್ ಎಂದು ಹೆಸರಾಯಿತು. ಅಂಗಡಿ, ಕೋರ್ಟು, ಮದುವೆ ಎಲ್ಲವೂ ಇಂಗ್ಲಿಷ್ ಕಡೆಗೆ ವಾಲಿದವು. 1748ರಲ್ಲಿ ಬಂದ ಪೆರ್ ಕಾಲ್ಮ್ ಎಂಬ ಸಸ್ಯಶಾಸ್ತ್ರಜ್ಞ, ಲಿನೀಯಸ್‌ನ ಶಿಷ್ಯ, ಈ ಸೀಮೆಯ ಸ್ವೀಡಿಷರ ಮಾತು ಇಂಗ್ಲಿಷಿನೊಂದಿಗೆ ಬೆರೆಯುತ್ತಿರುವುದನ್ನು ಗುರುತಿಸಿದ. 1749ರಿಂದ 1756ರವರೆಗೆ ಇಲ್ಲಿ ಪಾದ್ರಿಯಾಗಿದ್ದ ಇಸ್ರೇಲ್ ಅಕ್ರೇಲಿಯಸ್ ತಾಯ್ನಾಡಿಗೆ ಮರಳಿ 1759ರಲ್ಲಿ ಈ ಸಭೆಗಳ ಇತಿಹಾಸ ಪ್ರಕಟಿಸಿದ. ಕಡೆಯ ಸ್ವೀಡಿಷ್ ಪಾದ್ರಿ ಲಾರ್ಸ್ ಗಿರೇಲಿಯಸ್ 1791ರಲ್ಲಿ ಹೊರಟುಹೋದ ಮೇಲೆ ಸಭೆ ಇಂಗ್ಲಿಷ್ ಆಡುವ ಎಪಿಸ್ಕೋಪಲ್ ಪಂಥಕ್ಕೆ ಸೇರಿತು. ಇದನ್ನು ಸೋಲೆನ್ನಬಹುದೇ? ಮರಳಿಹೋಗುವ ದಾರಿಯೂ, ಹೊಸ ವಲಸೆಯ ಬಲವೂ ಇಲ್ಲದ ಸುಮಾರು ಒಂದು ಸಾವಿರ ಜನ, ಇಂಗ್ಲಿಷಿನ ನಡುವೆ ಐದಾರು ತಲೆಮಾರು ತಮ್ಮ ಮಾತಿನಲ್ಲಿ ಮಕ್ಕಳಿಗೆ ಹೆಸರಿಟ್ಟರು, ಮದುವೆ ಮಾಡಿದರು, ದಾಖಲೆ ಬರೆದರು. ಮರದ ಚರ್ಚು, ಮುದಿ ಪಾದ್ರಿ, ಹರಿದ ಪುಸ್ತಕ ಇವಿಷ್ಟರಿಂದ ಅದು ಸಾಧ್ಯವಾಗುತ್ತಿರಲಿಲ್ಲ.

ಪಂಥ ಬದಲಾದದ್ದೇ ಕಟ್ಟಡವನ್ನು ಉಳಿಸಿತು ಎಂದು ನಾನು ಹೇಳಿದರೆ, 1830ರ ದಶಕವನ್ನು ತೋರಿಸಿ ಅಲ್ಲಗಳೆಯಬಹುದು. ಆಗ ಸಭೆ ಪೇಟೆಯ ನಡುವೆ ಹೊಸ ಪ್ರಾರ್ಥನಾಲಯ ಕಟ್ಟಿಕೊಂಡು ಹಳೆಯದನ್ನು ಪಾಳು ಬಿಟ್ಟಿತು. ಆದರೆ 1842ರ ಹೊತ್ತಿಗೆ ಅದನ್ನು ದುರಸ್ತಿ ಮಾಡಿ ಮತ್ತೆ ತೆರೆದವರೂ ಅದೇ ಇಂಗ್ಲಿಷ್ ಸಭೆಯವರು. ಕಟ್ಟಡದ ಮೈಯಲ್ಲೂ ಹೀಗೆ ಸೇರಿಕೆಗಳೇ ಇವೆ: ಛಾವಣಿಯ ಭಾರಕ್ಕೆ ಗೋಡೆ ಉಬ್ಬಿದಾಗ ಹದಿನೆಂಟನೆಯ ಶತಮಾನದಲ್ಲಿ ಒತ್ತಾಸೆಯಾಗಿ ಎಬ್ಬಿಸಿದ ಕಮಾನಿನ ಮೊಗಸಾಲೆ, 1802ರಲ್ಲಿ ಬಂದ ಇಟ್ಟಿಗೆಯ ಗಂಟೆ ಗೋಪುರ. 1938ರಲ್ಲಿ ಮುನ್ನೂರನೆಯ ವರ್ಷದ ಉತ್ಸವಕ್ಕೆ ಸ್ವೀಡನ್ನಿನ ರಾಜಕುಮಾರ ಬರ್ಟಿಲ್ ಬಂದ, ಅಧ್ಯಕ್ಷ ರೂಸ್‌ವೆಲ್ಟ್ ಬಂದರು, ಹಡಗು ನಿಂತ ಬಂಡೆಯ ಬಳಿ ಕಾರ್ಲ್ ಮಿಲ್ಲೆಸ್ ಕಡೆದ ಸ್ಮಾರಕ ನಿಂತಿತು. ಆ ಸಂಭ್ರಮದಲ್ಲಿ 1638ರಿಂದ ಒಂದೇ ಎಳೆಯಾಗಿ ಹರಿದು ಬಂದ ಸ್ವೀಡನ್ನಿನ ಕೀರ್ತಿಯ ಕಥೆ ಬೇಕಾಗಿತ್ತು. ಆದರೆ ದಾಖಲೆಗಳು ಹೇಳುವ ಕಥೆ ಹೆಚ್ಚು ತೊಡಕಿನದು, ಹೆಚ್ಚು ಘನವಾದದ್ದು ಕೂಡ.

ಇಂದು ಈ ಚರ್ಚು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ. 2014ರಲ್ಲಿ ರೂಪುಗೊಂಡ ಫಸ್ಟ್ ಸ್ಟೇಟ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗವೂ ಹೌದು. ಒಳಗೆ ಪ್ರಾರ್ಥನೆ ಈಗಲೂ ನಡೆಯುತ್ತದೆ. ವಸಾಹತು ಕಾಲದ ಕಟ್ಟಡವನ್ನು ಕಂಡಾಗ ಆಗ ಆಳುತ್ತಿದ್ದವರು ಯಾರು ಎಂದಷ್ಟೇ ಕೇಳಿ ಸುಮ್ಮನಾಗುವುದು ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಯಾರಿಗೆ ಅದು ಅಗತ್ಯವಾಗಿತ್ತು, ಯಾರ ದುಡಿಮೆ ಅದರಲ್ಲಿದೆ, ಯಾರ ನೆಲ ಹೋಯಿತು, ಮುಂದೆ ಅದನ್ನು ಕಾಪಾಡಿದವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಓಲ್ಡ್ ಸ್ವೀಡ್ಸ್ ವಿಷಯದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಉತ್ತರ: ಸ್ವೀಡಿಷರು ಮತ್ತು ಫಿನ್ನರು, ಇಂಗ್ಲಿಷ್ ಕುಶಲಕರ್ಮಿಗಳು, ಲೆನಾಪೆಗಳು, ವಿಲ್ಮಿಂಗ್ಟನ್ನಿನ ಇಂಗ್ಲಿಷ್ ಮಾತಿನ ಸಭೆ. ಈ ನಾಲ್ವರಲ್ಲಿ ಒಬ್ಬರನ್ನು ಬಿಟ್ಟರೂ ಆ ಚರ್ಚಿನ ಇತಿಹಾಸ ಸುಳ್ಳಾಗುತ್ತದೆ. ಅಲ್ಲಿಗೆ ಬರುವವರಿಗೆ ನಾಲ್ಕನ್ನೂ ಹೇಳುವುದು ಅದನ್ನು ನೋಡಿಕೊಳ್ಳುವವರ ಕರ್ತವ್ಯ, ಕೇಳಿ ತಿಳಿಯುವುದು ನಮ್ಮ ಕರ್ತವ್ಯ.