ಹಳೇ ಲ್ಯಾಪ್‌ಟಾಪಿನಲ್ಲಿ ಬದು ಹಾಕಿ ಎರಡು ತಾಕು

ಮಕ್ಕಳು ಓದು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪ್ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲೆ ಕೂತಿದೆ. "ಇದು ಹಳೇದಾಯ್ತು, ಹೊಸದು ತಗೊಳ್ಳಿ" ಅನ್ನುವುದು ಅಂಗಡಿಯವರ ಮಾತು. ಹೊಸದಕ್ಕೆ 35-40 ಸಾವಿರ ಬೇಕು. ಮಳೆ ನಂಬಿ ರಾಗಿ ಹಾಕುವವರು ಎಲ್ಲಿಂದ ತರೋದು?

ನನ್ನದು ಮುಳಬಾಗಿಲು ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಖುಷ್ಕಿ. ರಾಗಿ, ಅದರಲ್ಲಿ ಅಕ್ಕಡಿ ಸಾಲು ಅವರೆ-ತೊಗರಿ, ಜೊತೆಗೆ ಎರಡು ಸೀಮೆಹಸು. ಓದಿದ್ದು ಏಳನೇ ಕ್ಲಾಸು. ಆದರೂ ನಮ್ಮ ರೈತರ ಗುಂಪಿನ ಲೆಕ್ಕ ಬರೆಯೋದು ನಾನೇ. ಮಗಳು 2015ರಲ್ಲಿ ಡಿಗ್ರಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪಿನಲ್ಲಿ ಏಳು ವರ್ಷದ ಮಳೆ ಲೆಕ್ಕ, ಬೀಜ-ಗೊಬ್ಬರದ ಖರ್ಚು, ಗುಂಪಿನ ಸಾಲದ ಪಟ್ಟಿ ಇವೆ. ಅದಕ್ಕೆ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅದನ್ನು ಹೇಗೆ ಉಳಿಸಿಕೊಂಡೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ತೊಂದರೆ ಎಲ್ಲಿದೆ?

ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಅನ್ನುತ್ತಾರೆ. ನಮ್ಮದರಲ್ಲಿ ಇದ್ದದ್ದು ವಿಂಡೋಸ್ 10. ಇದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಇದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಅವತ್ತಿನಿಂದ ಯಂತ್ರವೇನೂ ನಿಲ್ಲೋದಿಲ್ಲ. ಆದರೆ ಕಳ್ಳರು ನುಗ್ಗುವ ಹೊಸ ಕಂಡಿ ಪತ್ತೆಯಾದರೆ ಮುಚ್ಚುವವರಿಲ್ಲ. ಹೆಸರು ನೋಂದಾಯಿಸಿದವರಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಗಡುವು ಕೊಟ್ಟರು. ವಿಂಡೋಸ್ 11 ಹಾಕೋಣ ಅಂದರೆ ಅದು ಹೊಸ ಪ್ರೊಸೆಸರ್ ಕೇಳುತ್ತದೆ, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ. 2015ರ ಯಂತ್ರ ಅದಕ್ಕೆ ಒಗ್ಗೋದಿಲ್ಲ.

ಬ್ಯಾಂಕಿನ ಖಾತೆ, ಬೆಳೆಸಾಲ, ಗುಂಪಿನ ದುಡ್ಡು ಎಲ್ಲ ನೋಡುವುದು ಇದೇ ಯಂತ್ರದಲ್ಲಿ. ಬೇಲಿ ಕಟ್ಟದ ಹೊಲದಲ್ಲಿ ಬೆಳೆ ಇಟ್ಟ ಹಾಗೆ.

ಕಾಸಿಲ್ಲದೆ ಸಿಗುವ ಲಿನಕ್ಸ್

ನಮ್ಮ ಅಕ್ಕನ ಮಗ ಡಿಪ್ಲೊಮಾ ಓದುವವನು. ಲಿನಕ್ಸ್ ಹಾಕಬಹುದು ಅಂತ ಹೇಳಿದವನು ಅವನೇ. ಇದರ ತಿರುಳನ್ನು 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಲೋಕದ ಸಾವಿರಾರು ಜನ ಸೇರಿ ಬೆಳೆಸಿದ್ದಾರೆ. ನಾಟಿ ಬೀಜದ ಹಾಗೆ, ಯಾರು ಬೇಕಾದರೂ ಬಳಸಬಹುದು, ಇನ್ನೊಬ್ಬರಿಗೆ ಕೊಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದರಲ್ಲೇ. ಇದರಲ್ಲಿ ತಳಿಗಳು ಬಹಳ. ನಾವು ಆರಿಸಿದ್ದು ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಇದ್ದರೆ ಅನುಕೂಲ. 2029ರವರೆಗೆ ಬೆಂಬಲವಿದೆ.

ಹಾಗಾದರೆ ವಿಂಡೋಸ್ ತೆಗೆದೇ ಹಾಕಬಹುದಲ್ಲ? ನಮಗೆ ಆಗೋದಿಲ್ಲ. ನಮ್ಮ ಹಳೇ ಲೆಕ್ಕವೆಲ್ಲ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷಿನ ಗೀಚು ಕಾಣುತ್ತದೆ. ನುಡಿ ಓಡುವುದು ವಿಂಡೋಸಿನಲ್ಲಿ. "ಮಾವ, ಅಳಿಸೋದು ಬೇಡ, ಭಾಗ ಮಾಡೋಣ" ಅಂದ ಹುಡುಗ. ಇದಕ್ಕೆ ಡ್ಯುಯಲ್ ಬೂಟ್ ಅಂತ ಹೆಸರು. ಒಂದೇ ಹೊಲಕ್ಕೆ ಬದು ಹಾಕಿ ಎರಡು ತಾಕು ಮಾಡುವುದು, ಅಷ್ಟೆ.

ಮಾಡಿದ ಕ್ರಮ

1. ಮೊದಲು ಫೈಲುಗಳನ್ನೆಲ್ಲ ಎರಡು ಕಡೆ ನಕಲು ಮಾಡಿದೆವು. ಇದನ್ನು ಮಾಡದೆ ಮುಂದಿನ ಹೆಜ್ಜೆ ಇಡಬೇಡಿ.

2. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ 100 ಜಿಬಿ ಜಾಗ ಬಿಡಿಸಿದೆವು. ಫಾಸ್ಟ್ ಸ್ಟಾರ್ಟಪ್ ಆರಿಸಿದೆವು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮಲಗೋದಿಲ್ಲ, ಲಿನಕ್ಸ್‌ಗೆ ಅದರ ಫೈಲು ತಿದ್ದಲು ತೊಡಕಾಗುತ್ತದೆ. ಬಿಟ್‌ಲಾಕರ್ ಬೀಗ ಹಾಕಿರುವವರು ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

3. ಮಿಂಟ್‌ನ ಫೈಲು ಸುಮಾರು 3 ಜಿಬಿ. ಅದನ್ನು ಇಳಿಸಿಕೊಂಡು ರುಫಸ್ ಅನ್ನುವ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದೆವು. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿದುಹೋಗುತ್ತದೆ, ಖಾಲಿಯದೇ ಬಳಸಿ.

4. ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದೆವು. ಈ ಕೀಲಿ ಒಂದೊಂದು ಕಂಪನಿಗೆ ಒಂದೊಂದು. ಇಲ್ಲಿ ಏನನ್ನೂ ಹಾಕದೆ ಲಿನಕ್ಸ್ ಓಡಿಸಿ ನೋಡಬಹುದು. ವೈಫೈ, ಧ್ವನಿ, ಮುದ್ರಕ ಕೆಲಸ ಮಾಡುತ್ತವೆಯೇ ಅಂತ ನೋಡಿಕೊಂಡ ಮೇಲೇ ಮುಂದಕ್ಕೆ ಹೋದೆವು.

5. ಹಾಕುವಾಗ ಒಂದು ಪ್ರಶ್ನೆ ಬರುತ್ತದೆ. ವಿಂಡೋಸ್ ಪಕ್ಕದಲ್ಲಿ ಹಾಕಬೇಕೋ, ಡಿಸ್ಕ್ ಪೂರ್ತಿ ಅಳಿಸಬೇಕೋ ಅಂತ. ಪಕ್ಕದಲ್ಲಿ ಅನ್ನುವುದನ್ನೇ ಒತ್ತಿ. ಇನ್ನೊಂದು ಒತ್ತಿದರೆ ಇರುವುದೆಲ್ಲ ಹೋಯಿತು. ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸ ಬೇಡ. ಬ್ಯಾಟರಿ ತುಂಬಿರಲಿ.

ಈಗ ಹೇಗಿದೆ?

ಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಆರಿಸಬೇಕು. ಸುಮ್ಮನಿದ್ದರೆ ತಾನೇ ಲಿನಕ್ಸ್‌ಗೆ ಹೋಗುತ್ತದೆ. ಇಂಟರ್‌ನೆಟ್, ಬ್ಯಾಂಕು, ಪಹಣಿ ನೋಡುವುದು ಎಲ್ಲ ಲಿನಕ್ಸ್ ತಾಕಿನಲ್ಲಿ. ನುಡಿಯ ಹಳೇ ಲೆಕ್ಕಕ್ಕೆ ಮಾತ್ರ ವಿಂಡೋಸ್, ಅದೂ ಇಂಟರ್‌ನೆಟ್ ಬಿಚ್ಚಿ. ಲಿನಕ್ಸ್ ಕಡೆಯಿಂದ ವಿಂಡೋಸಿನ ಫೈಲು ಕಾಣುತ್ತವೆ, ವಿಂಡೋಸಿಗೆ ಈ ಕಡೆಯದು ತಾನಾಗಿ ಕಾಣೋದಿಲ್ಲ. ಹೊಸ ಲೆಕ್ಕವನ್ನು ಲಿಬ್ರೆ ಆಫೀಸಿನಲ್ಲಿ ಯುನಿಕೋಡ್ ಕನ್ನಡದಲ್ಲೇ ಬರೆಯುತ್ತೇನೆ. ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಒಂದೆರಡು ಕೀಲಿಯ ರೂಢಿ ಬದಲಾಗಬಹುದು.

ಒಂದು ವಿಚಿತ್ರ ಹೇಳಬೇಕು. ಲಿನಕ್ಸ್ ಬಳಸಿ ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರ ಕೆಟ್ಟಿಲ್ಲ. ಒಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಕಾಲಕ್ಕೆ ಇಡುತ್ತದೆ, ವಿಂಡೋಸ್ ನಮ್ಮ ಕಾಲ ಅಂದುಕೊಳ್ಳುತ್ತದೆ. ಲಿನಕ್ಸ್‌ಗೆ ಒಂದು ಸಾಲಿನ ಆಜ್ಞೆ ಕೊಟ್ಟು ಹುಡುಗ ಸರಿಮಾಡಿದ.

ಹಳೇ ಹಾರ್ಡ್ ಡಿಸ್ಕ್ ಆದ್ದರಿಂದ ಶುರುವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕು. ಹೊಸ ಲ್ಯಾಪ್‌ಟಾಪಿನ ವೇಗ ಬಾರದು. ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಖರ್ಚು: ಎರಡು ಪೆನ್‌ಡ್ರೈವ್, ಕೋಲಾರಕ್ಕೆ ಬಸ್ಸಿನ ಚಾರ್ಜು, ಎಲ್ಲ ಸೇರಿ ಸಾವಿರದೊಳಗೆ. ಹಿಡಿದದ್ದು ಒಂದು ಭಾನುವಾರ. ಬೀರುವಿನ ಮೇಲಿನ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಓದಿದ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೊಂದು ಸಲ ನೋಡಿ.